ಹೊಟ್ಟೆಯ ಉರಿಗೂ ಮನದ ಬೇಗೆಗೂ ನಂಟು ಹುಡುಕಿದ ಹಾನ್ಸ್ ಸೆಲ್ಯೆ

ಲಿಂಗನಮಕ್ಕಿ: ಶರಾವತಿ ನದಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ನಾಡಿಗೆ ಬೆಳಕು ಬಂತು. ಆದರೆ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಸಾವಿರಾರು ಕುಟುಂಬಗಳ ಮನೆ, ಅಡಿಕೆ ತೋಟ, ಗದ್ದೆಗಳು ನೀರಿನಡಿ ಸೇರಿದವು. ಪಾತ್ರೆಪಗಡಿ ಕಟ್ಟಿಕೊಂಡು ಊರು ಬಿಟ್ಟವರ ಸಂಕಟ ಅಲ್ಲಿಗೇ ಮುಗಿಯಲಿಲ್ಲ. ಪುನರ್ವಸತಿಗೆಂದು ದೊರೆತ ಭೂಮಿಯ ಹಕ್ಕಿನ ಪ್ರಶ್ನೆ ಅವರ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕಚೇರಿಯಿಂದ ಕಚೇರಿಗೆ ಅಲೆಸಿತು. ಸಾಗರದ ಸಾಹಿತಿ ನಾ. ಡಿಸೋಜ ಅವರ ಮುಳುಗಡೆ ಕುರಿತ ಕಾದಂಬರಿಗಳು ಈ ಬವಣೆಯನ್ನು ನಾಡಿಗೆಲ್ಲ ತಿಳಿಸಿದವು.

ಇಂತಹ ಸಂಕಟವನ್ನು ಹೇಳಲು ಕನ್ನಡಿಗರು ಮೊದಲು ನೆನೆಯುವುದು ಹೊಟ್ಟೆಯನ್ನೇ. ಮಗುವಿನ ಅಳಲು ಕಂಡರೆ ಕರುಳು ಚುರ್ರೆನ್ನುತ್ತದೆ. ನೆರೆಯವನ ಏಳಿಗೆ ಕಂಡರೆ ಹೊಟ್ಟೆ ಉರಿಯುತ್ತದೆ. ಕಿರಿಯರ ತಪ್ಪನ್ನು ಹಿರಿಯರು ಹೊಟ್ಟೆಗೆ ಹಾಕಿಕೊಳ್ಳುತ್ತಾರೆ. ಅನ್ಯಾಯವಾದಾಗ ಹೊಟ್ಟೆಯೊಳಗೆ ಕಿಚ್ಚು ಬೀಳುತ್ತದೆ. ಇದು ಬರೀ ಮಾತಿನ ಅಲಂಕಾರವೇ ಅಥವಾ ಮನದ ಬೇಗೆಗೂ ಜಠರದ ಉರಿಗೂ ನಿಜವಾಗಿ ಸಂಬಂಧವಿದೆಯೇ ಎಂಬ ಪ್ರಶ್ನೆಯನ್ನು ಪ್ರಯೋಗಾಲಯಕ್ಕೆ ತಂದವರಲ್ಲಿ ಪ್ರಮುಖರು ಹಾನ್ಸ್ ಸೆಲ್ಯೆ. ಇಂದು ಹಳ್ಳಿಯಿಂದ ನಗರದವರೆಗೆ ಎಲ್ಲರೂ ಬಳಸುವ ಸ್ಟ್ರೆಸ್ ಎಂಬ ಪದಕ್ಕೆ ವೈದ್ಯಕೀಯ ಅರ್ಥ ನೀಡಿದ ವಿಜ್ಞಾನಿ ಅವರು. ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ಅಡ್ರಿನಲ್ ಎಂಬ ಪುಟ್ಟ ಗ್ರಂಥಿಗಳಿಗೂ ಜಠರದ ಹುಣ್ಣಿಗೂ ಇರುವ ನಂಟಿನ ಶೋಧನೆಗೆ ದೊಡ್ಡ ತಿರುವು ದೊರೆತದ್ದು ಅವರ ಒಂದು ವಿಫಲ ಪ್ರಯೋಗದಿಂದ.

ನದಿ ದಂಡೆಯ ಬಾಲ್ಯ

ಹಂಗೇರಿಯನ್ ಭಾಷೆಯಲ್ಲಿ ಯಾನೋಶ್ ಎಂಬ ಹೆಸರಿನ ಹಾನ್ಸ್ ಸೆಲ್ಯೆ 1907ರ ಜನವರಿ 26ರಂದು ವಿಯೆನ್ನಾದಲ್ಲಿ ಜನಿಸಿದರು. ತಂದೆ ಹ್ಯೂಗೊ ಸೆಲ್ಯೆ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಸೇನೆಯಲ್ಲಿ ಶಸ್ತ್ರಚಿಕಿತ್ಸಕರಾಗಿದ್ದ ಹಂಗೇರಿಯನ್, ತಾಯಿ ಆಸ್ಟ್ರಿಯಾದವರು. ಬಾಲಕನ ಬಾಲ್ಯ ಕಳೆದದ್ದು ಡ್ಯಾನ್ಯೂಬ್ ನದಿಯ ದಂಡೆಯ ಕೊಮಾರೋಮ್ ಎಂಬ ಊರಿನಲ್ಲಿ. ಮನೆಯಲ್ಲಿ ತಂದೆಯದು ಒಂದು ಭಾಷೆ, ತಾಯಿಯದು ಇನ್ನೊಂದು, ಪಾಠ ಹೇಳುವವರದು ಮತ್ತೊಂದು. ಹೀಗಾಗಿ ಚಿಕ್ಕಂದಿನಲ್ಲೇ ಹಲವು ಭಾಷೆಗಳು ನಾಲಿಗೆಗೆ ಒಗ್ಗಿದವು. ಮುಂದೆ ವಿಶ್ವದ ನಾನಾ ದೇಶಗಳ ಸಭೆಗಳಲ್ಲಿ ಆಯಾ ಭಾಷೆಯಲ್ಲೇ ಉಪನ್ಯಾಸ ನೀಡುವ ಶಕ್ತಿ ಅವರಿಗೆ ಬಂದದ್ದು ಹೀಗೆ.

ಮೊದಲ ಮಹಾಯುದ್ಧ ಮುಗಿದಾಗ ತಂದೆ ಸೇವೆ ಸಲ್ಲಿಸಿದ್ದ ಸಾಮ್ರಾಜ್ಯವೇ ಇಲ್ಲವಾಯಿತು. ನದಿಯನ್ನೇ ಗಡಿಯಾಗಿ ಎಳೆದದ್ದರಿಂದ ಊರು ಎರಡಾಯಿತು. ಉತ್ತರದ ದಂಡೆ ಚೆಕೊಸ್ಲೊವಾಕಿಯಕ್ಕೂ ದಕ್ಷಿಣದ ದಂಡೆ ಹಂಗೇರಿಗೂ ಸೇರಿದವು. ಸೇನಾ ವೃತ್ತಿ ಕಳೆದುಕೊಂಡ ಹ್ಯೂಗೊ ಸೆಲ್ಯೆ ಸ್ವಂತ ಚಿಕಿತ್ಸಾಲಯ ತೆರೆದರು. ಮನೆ ಬಿಡದೆಯೇ ದೇಶ ಬದಲಾಗುವ ಅನುಭವ ಹದಿಹರೆಯದ ಹುಡುಗನಿಗೆ ಆಯಿತು. ಉತ್ತರ ದಂಡೆಯ ಕೊಮಾರ್ನೊ ಪಟ್ಟಣದಲ್ಲಿ 2004ರಲ್ಲಿ ಆರಂಭವಾದ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರಿಡಲಾಗಿದೆ.

ತರಗತಿಯಲ್ಲಿ ಹುಟ್ಟಿದ ಪ್ರಶ್ನೆ

ವೈದ್ಯರ ಮನೆಯ ಮಗ ವೈದ್ಯನೇ ಆಗಬೇಕೆಂಬುದು ಮೊದಲೇ ನಿಶ್ಚಯವಾಗಿತ್ತು. ಹದಿನೇಳನೆಯ ವಯಸ್ಸಿನಲ್ಲಿ ಪ್ರಾಗ್ ನಗರದ ಜರ್ಮನ್ ವಿಶ್ವವಿದ್ಯಾಲಯದ ವೈದ್ಯಕೀಯ ತರಗತಿಗೆ ಸೆಲ್ಯೆ ಸೇರಿದರು. ಅಲ್ಲಿ ಒಮ್ಮೆ ಪ್ರಾಧ್ಯಾಪಕರು ಬೇರೆ ಬೇರೆ ಸೋಂಕು ರೋಗಗಳಿಂದ ನರಳುತ್ತಿದ್ದ ಹಲವರನ್ನು ವಿದ್ಯಾರ್ಥಿಗಳ ಮುಂದೆ ಪರೀಕ್ಷಿಸಿ, ಪ್ರತಿಯೊಂದು ರೋಗವನ್ನು ಗುರುತಿಸಲು ನೆರವಾಗುವ ವಿಶೇಷ ಲಕ್ಷಣಗಳನ್ನು ವಿವರಿಸಿದರು. ಉಳಿದ ವಿದ್ಯಾರ್ಥಿಗಳು ಈ ಭಿನ್ನ ಲಕ್ಷಣಗಳನ್ನು ಬರೆದುಕೊಂಡರು. ಸೆಲ್ಯೆ ಅವರ ಗಮನ ಹೋದದ್ದು ಎಲ್ಲರಲ್ಲೂ ಒಂದೇ ತೆರನಾಗಿದ್ದ ಸಂಗತಿಗಳ ಕಡೆಗೆ. ಎಲ್ಲರ ಮುಖವೂ ಬಾಡಿತ್ತು, ನಾಲಿಗೆಯ ಮೇಲೆ ಬಿಳಿ ಲೇಪವಿತ್ತು, ಮೈಕೈ ನೋವಿತ್ತು, ಹಸಿವೆ ಸತ್ತಿತ್ತು, ಹೊಟ್ಟೆ ಕೆಟ್ಟಿತ್ತು.

ರೋಗ ಯಾವುದೇ ಇರಲಿ, ರೋಗಿಯಾಗಿರುವುದು ಎಂಬ ಸ್ಥಿತಿಗೇ ಒಂದು ರೂಪವಿದೆಯಲ್ಲ ಎಂದು ಅವರಿಗೆ ಹೊಳೆಯಿತು. ಎಳೆಯ ವಿದ್ಯಾರ್ಥಿಯ ಈ ಪ್ರಶ್ನೆಗೆ ಹಿರಿಯರಿಂದ ಪ್ರೋತ್ಸಾಹ ದೊರೆಯಲಿಲ್ಲ. ಪರೀಕ್ಷೆಗಳ ಭರದಲ್ಲಿ ಪ್ರಶ್ನೆ ಮರೆಗೆ ಸರಿಯಿತು. 1929ರಲ್ಲಿ ವೈದ್ಯಕೀಯ ಪದವಿ, 1931ರಲ್ಲಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಸೆಲ್ಯೆ, ರಾಕ್‌ಫೆಲ್ಲರ್ ಶಿಷ್ಯವೇತನದ ನೆರವಿನಿಂದ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಮರುವರ್ಷ ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ನೆಲೆ ನಿಂತರು. ಇನ್ಸುಲಿನ್ ಶುದ್ಧೀಕರಣದಲ್ಲಿ ಪಾಲ್ಗೊಂಡು ಹೆಸರಾಗಿದ್ದ ಬರ್ಟ್ರಮ್ ಕಾಲಿಪ್ ಅಲ್ಲಿ ಅವರ ಹಿರಿಯ ಸಹೋದ್ಯೋಗಿಯಾಗಿದ್ದರು.

ಹಿಂದಿನವರು ಕಂಡದ್ದು

ಮನಸ್ಸಿಗೂ ಜಠರಕ್ಕೂ ನಂಟಿರುವ ಸುಳಿವು ಸೆಲ್ಯೆ ಅವರಿಗಿಂತ ನೂರು ವರ್ಷ ಮೊದಲೇ ಸಿಕ್ಕಿತ್ತು. 1822ರಲ್ಲಿ ಕೆನಡಾ ಮೂಲದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಹೊಟ್ಟೆಗೆ ಬಂದೂಕಿನ ಗುಂಡು ತಗುಲಿತು. ಗಾಯ ಮಾಗಿದರೂ ಜಠರದವರೆಗಿನ ರಂಧ್ರ ಮುಚ್ಚಲಿಲ್ಲ. ಅಮೆರಿಕದ ಸೇನಾ ವೈದ್ಯ ವಿಲಿಯಂ ಬೋಮಾಂಟ್ ವರ್ಷಗಟ್ಟಲೆ ಆ ರಂಧ್ರದ ಮೂಲಕ ಜೀರ್ಣಕ್ರಿಯೆಯನ್ನು ಕಣ್ಣಾರೆ ಕಂಡರು. ಯುವಕನಿಗೆ ಸಿಟ್ಟು ಬಂದಾಗ ಜಠರದ ಒಳಮೈಯ ಸ್ವರೂಪವೂ ಬದಲಾಗುವುದನ್ನು ದಾಖಲಿಸಿದರು.

ರಷ್ಯಾದ ಇವಾನ್ ಪಾವ್ಲೋವ್ ನಾಯಿಗಳ ಜಠರರಸ ಸಂಗ್ರಹಿಸಿ, ಆಹಾರ ಬಾಯಿಗೆ ಬೀಳುವ ಮೊದಲೇ ನರಗಳ ಆಜ್ಞೆಯಿಂದ ಆಮ್ಲ ಸುರಿಯುವುದನ್ನು ತೋರಿಸಿದರು. ಜೀರ್ಣಕ್ರಿಯೆಯ ಈ ಅಧ್ಯಯನಕ್ಕೆ 1904ರ ನೊಬೆಲ್ ಪ್ರಶಸ್ತಿ ಸಂದಿತು. ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್ 1890ರ ದಶಕದ ಕೊನೆಯಲ್ಲಿ ಆಗಷ್ಟೇ ಬಂದಿದ್ದ ಎಕ್ಸ್-ರೇ ಬಳಸಿ ಬೆಕ್ಕಿನ ಜಠರದ ಚಲನೆ ನೋಡುತ್ತಿದ್ದರು. ಬೆಕ್ಕು ಕೆರಳಿದರೆ ಸಾಕು, ಜಠರದ ಅಲೆಗಳು ಥಟ್ಟನೆ ನಿಲ್ಲುತ್ತಿದ್ದವು. ಹೋರಾಟಕ್ಕೂ ಪಲಾಯನಕ್ಕೂ ದೇಹವನ್ನು ಸಜ್ಜುಗೊಳಿಸುವ ಅಡ್ರಿನಲಿನ್ ಹಾರ್ಮೋನಿನ ಪಾತ್ರವನ್ನು ಅವರು ಮುಂದೆ ವಿವರಿಸಿದರು. ಆದರೆ ಭಯ ಮುಗಿಯದೆ ದಿನಗಟ್ಟಲೆ, ತಿಂಗಳುಗಟ್ಟಲೆ ಮುಂದುವರಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಬಾಕಿ ಉಳಿದಿತ್ತು.

ಸೋತ ಪ್ರಯೋಗ, ಗೆದ್ದ ವಿಚಾರ

1935ರ ಸುಮಾರಿಗೆ ಇಪ್ಪತ್ತೆಂಟರ ಹರೆಯದ ಸೆಲ್ಯೆ ಹೊಸ ಹೆಣ್ತನದ ಹಾರ್ಮೋನೊಂದನ್ನು ಹುಡುಕುವ ಹುಮ್ಮಸ್ಸಿನಲ್ಲಿದ್ದರು. ಹಸುಗಳ ಅಂಡಾಶಯದಿಂದ ತೆಗೆದ ಸಾರವನ್ನು ಇಲಿಗಳಿಗೆ ಚುಚ್ಚಿ, ಕೆಲ ದಿನಗಳ ಬಳಿಕ ಅವುಗಳನ್ನು ಕೊಯ್ದು ನೋಡಿದಾಗ ಮೂರು ಬದಲಾವಣೆಗಳು ಕಂಡವು. ಅಡ್ರಿನಲ್ ಗ್ರಂಥಿಗಳ ಹೊರಪದರ ಊದಿತ್ತು. ಎದೆಯ ಥೈಮಸ್ ಗ್ರಂಥಿ ಮತ್ತು ದುಗ್ಧಗ್ರಂಥಿಗಳು ಕುಗ್ಗಿದ್ದವು. ಜಠರ ಮತ್ತು ಸಣ್ಣ ಕರುಳಿನ ಆರಂಭದ ಭಾಗದಲ್ಲಿ ರಕ್ತ ಒಸರುವ ಹುಣ್ಣುಗಳಾಗಿದ್ದವು. ಅಂದು ತಿಳಿದಿದ್ದ ಯಾವ ಹಾರ್ಮೋನೂ ಈ ಮೂರನ್ನೂ ಒಟ್ಟಿಗೆ ಉಂಟುಮಾಡುತ್ತಿರಲಿಲ್ಲ. ಹೊಸ ಹಾರ್ಮೋನು ಕೈಗೆ ಸಿಕ್ಕಿತೆಂದೇ ಅವರು ಭಾವಿಸಿದರು.

ಸಂಭ್ರಮ ಬಹಳ ದಿನ ಉಳಿಯಲಿಲ್ಲ. ಅಂಡಾಶಯದ ಬದಲು ಮೂತ್ರಪಿಂಡದ ಸಾರ ಚುಚ್ಚಿದರೂ ಅದೇ ಫಲಿತಾಂಶ. ಗುಲ್ಮದ ಸಾರಕ್ಕೂ ಅದೇ. ಸಾರ ಎಷ್ಟು ಕಲ್ಮಷವಾಗಿದ್ದರೆ ಪರಿಣಾಮ ಅಷ್ಟು ತೀವ್ರವಾಗುತ್ತಿತ್ತು. ಕೊನೆಗೆ ಅಂಗಾಂಶಗಳನ್ನು ಕೆಡದಂತೆ ಇಡಲು ಬಳಸುವ ಫಾರ್ಮಲಿನ್ ಚುಚ್ಚಿದರು. ಹಾರ್ಮೋನಿನ ಸೋಂಕೇ ಇಲ್ಲದ ಆ ವಿಷದಿಂದಲೂ ಅದೇ ಮೂರು ಗುರುತುಗಳು, ಇನ್ನಷ್ಟು ಜೋರಾಗಿ ಮೂಡಿದವು. ಹೊಸ ಹಾರ್ಮೋನಿನ ಕನಸು ಅಲ್ಲಿಗೆ ಕುಸಿಯಿತು. ಹಲವು ದಿನ ಅವರು ಪ್ರಯೋಗಾಲಯದಲ್ಲಿ ಕೈಚೆಲ್ಲಿ ಕುಳಿತರು.

ಆ ನಿರಾಶೆಯ ನಡುವೆಯೇ ಪ್ರಾಗ್ ತರಗತಿಯ ಹಳೆಯ ಪ್ರಶ್ನೆ ನೆನಪಿಗೆ ಬಂತು. ಕಾರಣ ಏನೇ ಇರಲಿ, ದೇಹದ ಉತ್ತರ ಒಂದೇ ಆಗಿರಬಹುದಲ್ಲವೇ ಎಂದು ಅವರು ಯೋಚಿಸಿದರು. ಇಲಿಗಳನ್ನು ಕೊರೆಯುವ ಚಳಿಗೆ ಒಡ್ಡಿದರು, ದಣಿಯುವವರೆಗೆ ಓಡಿಸಿದರು, ಗಾಯಗೊಳಿಸಿದರು, ನಾನಾ ಔಷಧಗಳನ್ನು ಅಳತೆ ಮೀರಿ ಕೊಟ್ಟರು. ಎಲ್ಲಕ್ಕೂ ದೇಹದ ಉತ್ತರ ಅದೇ ಆಗಿತ್ತು. ಅಡ್ರಿನಲ್ ಹಿಗ್ಗಿತು, ಥೈಮಸ್ ಕುಗ್ಗಿತು, ಜಠರ ಹುಣ್ಣಾಯಿತು.

ಕಸದ ಪರಿಣಾಮ ಅಳೆಯುತ್ತ ಆಯುಷ್ಯ ಕಳೆಯಬೇಡವೆಂದು ಕಾಲಿಪ್ ಅವರು ತಿಳಿಹೇಳಿದರು. ಆದರೆ ಇನ್ಸುಲಿನ್ ಶೋಧಕ ಫ್ರೆಡರಿಕ್ ಬ್ಯಾಂಟಿಂಗ್ ಬೆನ್ನು ತಟ್ಟಿದರು. ಸಣ್ಣದೊಂದು ಧನಸಹಾಯವನ್ನೂ ಕೊಡಿಸಿದರು. 1936ರ ಜುಲೈ 4ರ ನೇಚರ್ ಪತ್ರಿಕೆಯಲ್ಲಿ ಒಂದು ಪುಟವನ್ನೂ ಮೀರದ ಸೆಲ್ಯೆ ಅವರ ಪುಟ್ಟ ಟಿಪ್ಪಣಿ ಪ್ರಕಟವಾಯಿತು. ಅದರಲ್ಲಿ ಸ್ಟ್ರೆಸ್ ಎಂಬ ಪದವನ್ನು ಅವರು ಈ ಸ್ಥಿತಿಯ ಹೆಸರಾಗಿ ಬಳಸಿರಲಿಲ್ಲ. ಭಾರ ಹೊತ್ತ ವಸ್ತುವಿನ ಒಳಗಿನ ಒತ್ತಡಕ್ಕೆ ಎಂಜಿನಿಯರುಗಳು ಬಳಸುತ್ತಿದ್ದ ಆ ಪದವನ್ನು ದೇಹದ ಸ್ಥಿತಿಗೆ ಅನ್ವಯಿಸಿ ಪ್ರಸಿದ್ಧಗೊಳಿಸಿದ್ದು ಅನಂತರದ ವರ್ಷಗಳಲ್ಲಿ.

ಆತಂಕ, ಪ್ರತಿರೋಧ, ಬಳಲಿಕೆ ಎಂಬ ಮೂರು ಹಂತಗಳಲ್ಲಿ ದೇಹ ಒತ್ತಡವನ್ನು ಎದುರಿಸುತ್ತದೆ ಎಂಬುದು ಅವರ ಸಿದ್ಧಾಂತದ ತಿರುಳು. ಅಡ್ರಿನಲ್ ಹೊರಪದರದ ಹಾರ್ಮೋನುಗಳನ್ನು ಕೆಲಸಕ್ಕೆ ಅನುಗುಣವಾಗಿ ವಿಂಗಡಿಸಿ ಅವರು ಬಳಕೆಗೆ ತಂದ ಗ್ಲೂಕೊಕಾರ್ಟಿಕಾಯ್ಡ್, ಮಿನರಲೊಕಾರ್ಟಿಕಾಯ್ಡ್ ಎಂಬ ಹೆಸರುಗಳು ಇಂದಿಗೂ ವೈದ್ಯಕೀಯ ಪಠ್ಯಗಳಲ್ಲಿವೆ.

ಆಮ್ಲವೂ ಅಣೆಕಟ್ಟೂ

ಸೆಲ್ಯೆ ಅವರು 1936ರಲ್ಲಿ ಕಂಡದ್ದು ಹುಣ್ಣನ್ನು ಮಾತ್ರ. ಅಡ್ರಿನಲ್ ಹಾರ್ಮೋನುಗಳು ಜಠರದಲ್ಲಿ ನಿಜಕ್ಕೂ ಏನು ಮಾಡುತ್ತವೆ ಎಂಬುದನ್ನು ಬಿಡಿಸಲು ಮುಂದೆ ಹಲವು ದಶಕಗಳೇ ಹಿಡಿದವು. ಲಿಂಗನಮಕ್ಕಿಯನ್ನು ಬಲ್ಲವರಿಗೆ ಈ ಲೆಕ್ಕ ಅರ್ಥವಾಗುವುದು ಕಷ್ಟವಲ್ಲ.

ಜಠರದಲ್ಲಿ ಸ್ರವಿಸುವ ಹೈಡ್ರೋಕ್ಲೋರಿಕ್ ಆಮ್ಲವು ಮಾಂಸವನ್ನೇ ಕರಗಿಸಬಲ್ಲದು. ಅದು ಜಠರವನ್ನೇ ತಿನ್ನದಂತೆ ತಡೆಯುವುದು ಒಳಮೈಗೆ ಲೇಪವಾಗಿರುವ ಲೋಳೆ, ಅದರೊಳಗಿನ ಕ್ಷಾರಾಂಶ, ಹಾಗೂ ಒಳಸೇರಿದ ಆಮ್ಲವನ್ನು ಕೊಚ್ಚಿ ಒಯ್ಯುವ ರಕ್ತಪ್ರವಾಹ. ಆಮ್ಲ ಜಲಾಶಯದ ನೀರಾದರೆ ಈ ರಕ್ಷಣೆ ಅಣೆಕಟ್ಟು. ನೀರು ಏರಿದರೂ ಅಪಾಯ, ಕಟ್ಟೆ ಸವೆದರೂ ಅಪಾಯ. ಎರಡೂ ಒಟ್ಟಿಗೆ ಆದರೆ ಅನಾಹುತ ಖಚಿತ.

ಅಡ್ರಿನಲ್ ಗ್ರಂಥಿಗೆ ಎರಡು ಭಾಗಗಳಿವೆ. ಒಳತಿರುಳು ಅಡ್ರಿನಲಿನ್ ಸುರಿಸುತ್ತದೆ. ಅಪಾಯ ಎದುರಾದ ಕ್ಷಣಗಳಲ್ಲೇ ಹೃದಯದ ಬಡಿತ ಏರುತ್ತದೆ. ಜೀರ್ಣಾಂಗಗಳ ರಕ್ತ ಮಾಂಸಖಂಡಗಳ ಕಡೆಗೆ ಹರಿಯುತ್ತದೆ. ಆಮ್ಲದ ಸ್ರಾವ ಈ ಹೊತ್ತಿನಲ್ಲಿ ಏರಲೇಬೇಕೆಂದಿಲ್ಲ; ಹಲವೊಮ್ಮೆ ತಗ್ಗುವುದೂ ಉಂಟು. ಆದರೆ ಒಳಮೈಗೆ ರಕ್ತ ಸಾಲದಾದಾಗ ಇರುವ ಆಮ್ಲವೇ ಹಾನಿಗೆ ಸಾಕಾಗುತ್ತದೆ. ಇಲ್ಲಿ ನೀರು ಏರಿದ್ದಲ್ಲ, ಕಟ್ಟೆ ಬಡವಾದದ್ದು.

ಹೊರಪದರದ ಹಾರ್ಮೋನು ಮಾನವರಲ್ಲಿ ಮುಖ್ಯವಾಗಿ ಕಾರ್ಟಿಸಾಲ್, ಇಲಿಗಳಲ್ಲಿ ಕಾರ್ಟಿಕೊಸ್ಟೆರಾನ್. ಮೆದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ, ಪಿಟ್ಯುಟರಿಯು ಅಡ್ರಿನಲ್ ಗ್ರಂಥಿಗೆ ಆಜ್ಞೆ ಕಳುಹಿಸಿದಾಗ ಇದು ನಿಧಾನವಾಗಿ ಏರುತ್ತದೆ. ಅಡ್ರಿನಲ್ ತೆಗೆದುಹಾಕಿದ ಪ್ರಾಣಿಗಳಲ್ಲಿ ಜಠರಾಮ್ಲದ ಸ್ರಾವ ಕುಗ್ಗುವುದನ್ನೂ, ಹಾರ್ಮೋನನ್ನು ಹೊರಗಿನಿಂದ ಕೊಟ್ಟರೆ ಅದು ಚೇತರಿಸಿಕೊಳ್ಳುವುದನ್ನೂ ಪ್ರಯೋಗಗಳು ತೋರಿಸಿವೆ. ಅಂದರೆ ಆಮ್ಲ ಸ್ರವಿಸುವ ಜೀವಕೋಶಗಳು ತಮ್ಮ ಕೆಲಸ ಮಾಡಲು ಈ ಹಾರ್ಮೋನಿನ ಹಿತಮಿತವಾದ ಬೆಂಬಲ ಬೇಕು.

ಅದೇ ಹಾರ್ಮೋನು ದೀರ್ಘಕಾಲ ಅಧಿಕವಾಗಿ ಉಳಿದರೆ ಚಿತ್ರ ಬದಲಾಗುತ್ತದೆ. ಆಮ್ಲವನ್ನೂ ಪೆಪ್ಸಿನ್ ಎಂಬ ಜೀರ್ಣರಸವನ್ನೂ ಅದು ಏರಿಸಬಲ್ಲದು. ಒಳಮೈಯನ್ನು ಕಾಯುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕದ ಉತ್ಪಾದನೆಯನ್ನು ತಗ್ಗಿಸಬಲ್ಲದು; ಹುಣ್ಣು ಮಾಗುವುದನ್ನು ತಡವಾಗಿಸಬಲ್ಲದು.

ಇಷ್ಟಾದರೂ ಕಾರ್ಟಿಸಾಲ್ ಅನ್ನು ಶತ್ರುವೆಂದು ಕರೆಯುವಂತಿಲ್ಲ. ಪಾವ್ಲೋವ್ ಹೆಸರಿನ ರಷ್ಯಾದ ಸಂಸ್ಥೆಯಲ್ಲಿ ನಡೆದ ಪ್ರಯೋಗಗಳಲ್ಲಿ, ಒತ್ತಡದ ವೇಳೆ ಇಲಿಗಳ ದೇಹದಲ್ಲಿ ಈ ಹಾರ್ಮೋನು ಏರದಂತೆ ತಡೆದಾಗ ಜಠರದ ಗಾಯಗಳು ಕಡಿಮೆಯಾಗುವ ಬದಲು ಹೆಚ್ಚಿದವು. ಅಲ್ಪಾವಧಿಯ ಏರಿಕೆ ಜಠರವನ್ನು ಕಾಯುತ್ತದೆ. ದೀರ್ಘಾವಧಿಯ ಏರಿಕೆ ಕೆಡಿಸುತ್ತದೆ. ಜಲಾಶಯದ ಮಟ್ಟ 1819 ಅಡಿ ಮುಟ್ಟುತ್ತಿದ್ದಂತೆ ಗೇಟು ತೆರೆಯುವ ಎಂಜಿನಿಯರುಗಳಂತೆ ಮೆದುಳು ಕೂಡ ರಕ್ತದಲ್ಲಿನ ಕಾರ್ಟಿಸಾಲ್ ಮಟ್ಟವನ್ನು ನೋಡುತ್ತಲೇ ಇರುತ್ತದೆ. ಸಾಕಾದೊಡನೆ ಆಜ್ಞೆ ನಿಲ್ಲಿಸುತ್ತದೆ. ಒತ್ತಡ ಬಿಡುವಿಲ್ಲದೆ ಮುಂದುವರಿದಾಗ ಈ ಹತೋಟಿಯೇ ಮಂದವಾಗುತ್ತದೆ.

ಔಷಧವಾಗಿ ಬಂದ ಹಾರ್ಮೋನು

ಇಲಿಗಳಲ್ಲಿ ಕಂಡದ್ದು ಮನುಷ್ಯರಲ್ಲೂ ನಿಜವೇ ಎಂಬ ಪ್ರಶ್ನೆ ಆಸ್ಪತ್ರೆಗೆ ಬಂದದ್ದು ಕಾರ್ಟಿಸೋನ್ ಮೂಲಕ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅವರು ಕೀಲುವಾತದಿಂದ ನರಳುತ್ತಿದ್ದವರಿಗೆ ಅಡ್ರಿನಲ್ ಹೊರಪದರದ ಈ ಹಾರ್ಮೋನು ನೀಡಿದರು. ಹಾಸಿಗೆ ಹಿಡಿದವರು ಎದ್ದು ನಡೆದರು. 1950ರ ನೊಬೆಲ್ ಪ್ರಶಸ್ತಿ ಹೆಂಚ್, ಎಡ್ವರ್ಡ್ ಕೆಂಡಾಲ್ ಹಾಗೂ ಟಾಡಿಯಸ್ ರೈಕ್‌ಸ್ಟೈನ್ ಅವರಿಗೆ ಸಂದಿತು. ಅನೇಕ ಬಾರಿ ನಾಮನಿರ್ದೇಶನಗೊಂಡರೂ ಸೆಲ್ಯೆ ಅವರಿಗೆ ಆ ಗೌರವ ಒಲಿಯಲಿಲ್ಲ.

ಹೊಸ ಔಷಧದ ಬೆಲೆ ಬೇಗನೆ ತಿಳಿಯಿತು. ಅದನ್ನು ವಾರಗಟ್ಟಲೆ ತೆಗೆದುಕೊಂಡ ಕೆಲವರಲ್ಲಿ ಜಠರದ ಹುಣ್ಣುಗಳು ಕಾಣಿಸಿಕೊಂಡವು. 1951ರಲ್ಲಿ ಬಾಸ್ಟನ್ ನಗರದ ವೈದ್ಯರು, ಅಡ್ರಿನಲ್ ಅನ್ನು ಪ್ರಚೋದಿಸುವ ಹಾರ್ಮೋನು ಅಥವಾ ಕಾರ್ಟಿಸೋನ್ ಅನ್ನು ದೀರ್ಘಕಾಲ ನೀಡಿದಾಗ ಜಠರದ ಆಮ್ಲ ಮತ್ತು ಪೆಪ್ಸಿನ್ ಏರುವುದನ್ನು ವರದಿ ಮಾಡಿದರು. ಸೆಲ್ಯೆ ಅವರ ಇಲಿಗಳು ಹೇಳಿದ್ದ ಮಾತಿಗೆ ಮನುಷ್ಯರ ಸಾಕ್ಷ್ಯ ದೊರೆತಂತಾಯಿತು.

ಆದರೆ ಅನಂತರದ ಅನುಭವ ಈ ತೀರ್ಮಾನವನ್ನು ತಿದ್ದಿತು. ಸ್ಟೀರಾಯ್ಡ್ ಒಂದರಿಂದಲೇ ಹುಣ್ಣಾಗುವ ಸಂಭವ ಮೊದಲು ಭಾವಿಸಿದಷ್ಟು ಹೆಚ್ಚಿಲ್ಲ. ಆಸ್ಪಿರಿನ್ ಮೊದಲಾದ ನೋವುನಿವಾರಕಗಳ ಜೊತೆ ಸೇರಿದಾಗ ಅಪಾಯ ಬಹಳ ಏರುತ್ತದೆ. ಕೀಲುನೋವಿಗೆ ಎರಡನ್ನೂ ಕೇಳಿ ಕೊಳ್ಳುವ ರೂಢಿ ಇರುವೆಡೆಯಲ್ಲಿ ಇದು ನೆನಪಿಡಬೇಕಾದ ಸಂಗತಿ. ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಅನ್ನು ಹೆದರಿ ಥಟ್ಟನೆ ನಿಲ್ಲಿಸುವುದೂ ಅಷ್ಟೇ ಅಪಾಯಕರ. ಹೊರಗಿನಿಂದ ಹಾರ್ಮೋನು ಬರುತ್ತಿದ್ದಾಗ ದೇಹದ ಸ್ವಂತ ಅಡ್ರಿನಲ್ ಕೆಲಸ ಮರೆತು ಕುಳಿತಿರುತ್ತದೆ.

ಬೆಳಕೂ ನೆರಳೂ

1945ರಲ್ಲಿ ಸೆಲ್ಯೆ ಫ್ರೆಂಚ್ ಭಾಷೆಯ ಮಾಂಟ್ರಿಯಲ್ ವಿಶ್ವವಿದ್ಯಾಲಯಕ್ಕೆ ಬಂದು ಪ್ರಾಯೋಗಿಕ ವೈದ್ಯಕೀಯ ಹಾಗೂ ಶಸ್ತ್ರಚಿಕಿತ್ಸಾ ಸಂಸ್ಥೆಯ ನಿರ್ದೇಶಕರಾದರು. 1976ರವರೆಗೂ ಆ ಹೊಣೆ ಹೊತ್ತರು. ನಸುಕಿನಲ್ಲೇ ಎದ್ದು ವ್ಯಾಯಾಮ ಮುಗಿಸಿ, ಎಲ್ಲರಿಗಿಂತ ಮೊದಲು ಪ್ರಯೋಗಾಲಯ ಸೇರುವುದು ಅವರ ಕ್ರಮ. ಜೀವಿತಾವಧಿಯಲ್ಲಿ ಅವರು ಬರೆದ ಪ್ರಬಂಧಗಳು 1,500ಕ್ಕೂ ಹೆಚ್ಚು, ಪುಸ್ತಕಗಳು ಮೂವತ್ತಕ್ಕೂ ಅಧಿಕ. 1956ರಲ್ಲಿ ಪ್ರಕಟವಾದ ದಿ ಸ್ಟ್ರೆಸ್ ಆಫ್ ಲೈಫ್ ಕೃತಿ ಅವರ ವಿಚಾರವನ್ನು ಜನಸಾಮಾನ್ಯರಿಗೆ ಮುಟ್ಟಿಸಿತು. 1968ರಲ್ಲಿ ಕೆನಡಾದ ಅತ್ಯುನ್ನತ ನಾಗರಿಕ ಗೌರವವೂ ದೊರೆಯಿತು.

ಪುಸ್ತಕ ಹೊರಬಂದ 1956ರಲ್ಲೇ ಹಂಗೇರಿಯಲ್ಲಿ ಸೋವಿಯತ್ ಹಿಡಿತದ ವಿರುದ್ಧ ದಂಗೆ ಭುಗಿಲೆದ್ದಿತು. ಆ ಗುಂಡಿನ ಕಾಳಗಕ್ಕೆ ಅವರ ತಾಯಿ ಬಲಿಯಾದರು. ಒತ್ತಡವನ್ನು ಸಹಿಸುವ ದೇಹದ ಶಕ್ತಿಯ ಬಗ್ಗೆ ಲೋಕಕ್ಕೆ ತಿಳಿಸುತ್ತಿದ್ದ ವಿಜ್ಞಾನಿಗೆ ಸಾಗರದಾಚೆಯಿಂದ ಬಂದ ಸುದ್ದಿ ಅದು.

ಅವರ ಸಂಸ್ಥೆ ಅನೇಕ ಸಂಶೋಧಕರನ್ನು ರೂಪಿಸಿತು. ಫ್ರಾನ್ಸ್‌ನಿಂದ ಬಂದು ಅಲ್ಲಿ ಡಾಕ್ಟರೇಟ್ ಪಡೆದ ರೋಜರ್ ಗಿಲ್ಲೆಮಿನ್, ಮೆದುಳು ಪಿಟ್ಯುಟರಿಗೆ ಆಜ್ಞೆ ಕಳುಹಿಸುವ ಹಾರ್ಮೋನುಗಳ ಶೋಧನೆಗಾಗಿ 1977ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಗುರುವಿಗೆ ಒಲಿಯದ ಪ್ರಶಸ್ತಿ ಶಿಷ್ಯನಿಗೆ ಒಲಿಯಿತು.

ಈ ಬೆಳಕಿನ ಬದುಕಿನಲ್ಲಿ ನೆರಳೂ ಇದೆ. ಸಿಗರೇಟು ಕಂಪನಿಗಳು ಸೆಲ್ಯೆ ಅವರ ಸಂಶೋಧನೆಗೆ ಹಣ ಒದಗಿಸಿದವು. 1969ರಲ್ಲಿ ಕೆನಡಾ ಸಂಸತ್ತಿನ ಸಮಿತಿಯ ಮುಂದೆ ಅವರು ಧೂಮಪಾನ ಒತ್ತಡ ತಗ್ಗಿಸಲು ನೆರವಾಗಬಹುದೆಂಬ ಧಾಟಿಯ ಹೇಳಿಕೆ ನೀಡಿದರು. ಮುಂದೆ ನ್ಯಾಯಾಲಯದ ವ್ಯಾಜ್ಯಗಳಿಂದ ಬಹಿರಂಗಗೊಂಡ ಕಂಪನಿಗಳ ಕಡತಗಳು ಈ ನಂಟಿನ ಆಳವನ್ನು ತೋರಿಸಿದವು. ಹೃದ್ರೋಗಕ್ಕೂ ಕ್ಯಾನ್ಸರಿಗೂ ಸಿಗರೇಟಿನ ಬದಲು ಒತ್ತಡವನ್ನು ಹೊಣೆ ಮಾಡುವುದು ಕಂಪನಿಗಳಿಗೆ ಅನುಕೂಲವಾಗಿತ್ತು. ಎಲ್ಲ ರೋಗಗಳಿಗೂ ಸಾಮಾನ್ಯವಾದ ಕಾರಣವನ್ನು ಹುಡುಕಿದ ವಿಚಾರ, ನಿರ್ದಿಷ್ಟ ಕಾರಣವನ್ನು ಮರೆಮಾಚಲು ಬಳಕೆಯಾದದ್ದು ಅವರ ಬದುಕಿನ ದೊಡ್ಡ ವಿಪರ್ಯಾಸ.

ಪ್ರಯೋಗಾಲಯದ ಮೂಕಜೀವಿಗಳ ನೋವೂ ಈ ಕಥೆಯ ಭಾಗ. ಮಾಂಟ್ರಿಯಲ್‌ನಲ್ಲಿ ನಡೆದಂತಹ ಅನೇಕ ಪ್ರಯೋಗಗಳಿಗೆ ಇಂದು ಸುಲಭವಾಗಿ ಅನುಮತಿ ಸಿಗದು. ಭಾರತದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಪ್ರಾಣಿಗಳ ಮೇಲಿನ ಪ್ರಯೋಗಗಳಿಗೆ ಸಮಿತಿಯ ನಿಗಾ ಇದೆ.

ಒಂದೇ ವರ್ಷ, ಎರಡು ಘಟನೆ

1982ರ ಅಕ್ಟೋಬರ್ 16ರಂದು ಮಾಂಟ್ರಿಯಲ್‌ನಲ್ಲಿ ಸೆಲ್ಯೆ ನಿಧನರಾದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ರೋಗಿಗಳ ಜಠರದಿಂದ ಪಡೆದ ಬ್ಯಾಕ್ಟೀರಿಯವೊಂದನ್ನು ಮೊದಲ ಬಾರಿಗೆ ಬೆಳೆಸಿದ್ದರು. ಈಗ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂದು ಕರೆಯುವ ಆ ಜೀವಿಯೇ ಬಹುಪಾಲು ಹುಣ್ಣುಗಳ ಮೂಲವೆಂದು ಮುಂದೆ ರುಜುವಾತಾಯಿತು. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯವನ್ನು ತಾವೇ ಕುಡಿದು ಜಠರದ ಉರಿಯೂತ ತರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು.

ಹುಣ್ಣೆಂದರೆ ಟೆನ್ಷನ್ ಕಾಯಿಲೆ ಎಂಬ ದಶಕಗಳ ನಂಬಿಕೆ ಅಲ್ಲಿಗೆ ಉರುಳಿತು. ಮನಸ್ಸು ಸಮಾಧಾನವಾಗಿಟ್ಟುಕೊಳ್ಳಿ ಎಂಬ ಉಪದೇಶ ಕೇಳಿಕೊಂಡು ವರ್ಷಗಟ್ಟಲೆ ನರಳಿದವರಿಗೆ ಎರಡು ವಾರಗಳ ಆ್ಯಂಟಿಬಯಾಟಿಕ್ ಚಿಕಿತ್ಸೆ ಗುಣ ತಂದಿತು.

ಹಾಗೆಂದು ಸೆಲ್ಯೆ ಅವರ ಇಲಿಗಳು ಸುಳ್ಳು ಹೇಳಿರಲಿಲ್ಲ. ತೀವ್ರ ಸುಟ್ಟಗಾಯ, ತಲೆಗೆ ಬಿದ್ದ ಪೆಟ್ಟು, ರಕ್ತಕ್ಕೆ ಹರಡಿದ ಸೋಂಕು, ಕೃತಕ ಉಸಿರಾಟ - ಇಂತಹ ಸ್ಥಿತಿಯಲ್ಲಿರುವವರ ಜಠರದಲ್ಲಿ ಬ್ಯಾಕ್ಟೀರಿಯದ ಹಂಗಿಲ್ಲದೆಯೇ ರಕ್ತ ಒಸರುವ ಹುಣ್ಣುಗಳಾಗುತ್ತವೆ. ತೀವ್ರ ನಿಗಾ ಘಟಕದಲ್ಲಿ ಅಪಾಯ ಹೆಚ್ಚಿರುವ ರೋಗಿಗಳಿಗೆ ಆಮ್ಲ ತಗ್ಗಿಸುವ ಔಷಧ ನೀಡುವ ಕ್ರಮದ ಹಿಂದಿರುವುದು ಇದೇ ತಿಳಿವು. ಬ್ಯಾಕ್ಟೀರಿಯ ಹೊತ್ತ ಎಲ್ಲರಿಗೂ ಹುಣ್ಣಾಗುವುದಿಲ್ಲ. ಯಾರಿಗೆ ಆಗುತ್ತದೆ ಎಂಬುದರಲ್ಲಿ ನೋವುನಿವಾರಕ, ಧೂಮಪಾನಗಳ ಜೊತೆಗೆ ಒತ್ತಡಕ್ಕೂ ಪಾತ್ರವಿರುವ ಸೂಚನೆಗಳಿವೆ.

ಕಾಡಾನೆಯ ಲದ್ದಿಯಲ್ಲೂ ಅದೇ ಹಾರ್ಮೋನು

ಸೆಲ್ಯೆ ತೋರಿದ ದಾರಿ ಇಂದು ಕರ್ನಾಟಕದ ಕಾಡನ್ನೂ ತಲುಪಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕಾಡಾನೆಗಳ ಲದ್ದಿಯಲ್ಲಿ ಅಡ್ರಿನಲ್ ಹಾರ್ಮೋನಿನ ಅಂಶಗಳನ್ನು ಅಳೆದು, ಮೈ ಸೊರಗಿದ ಆನೆಗಳಲ್ಲಿ ಅದರ ಮಟ್ಟ ಹೆಚ್ಚಿರುವುದನ್ನು 2017ರಲ್ಲಿ ಪ್ರಕಟಿಸಿದರು. ಸೂಜಿ ಚುಚ್ಚದೆ, ಪ್ರಾಣಿಯನ್ನು ಕೊಯ್ಯದೆ ಅದರ ಸಂಕಟವನ್ನು ಓದುವ ವಿಧಾನ ಇದು. ರೇಸ್ ಕುದುರೆಗಳಲ್ಲಿ ಜಠರದ ಹುಣ್ಣು ಸಾಮಾನ್ಯವೆಂಬುದು ಪಶುವೈದ್ಯರಿಗೆ ತಿಳಿದ ವಿಷಯ. ಹೊಟ್ಟೆ ಖಾಲಿ ಇದ್ದು ಕಠಿಣ ದುಡಿಮೆ ಮಾಡುವ ಪ್ರಾಣಿಯ ಜಠರಕ್ಕೆ ಆಮ್ಲವೇ ಮುಳುವಾಗುತ್ತದೆ.

ಸೆಲ್ಯೆ ಎಲ್ಲ ಒತ್ತಡವನ್ನೂ ಕೆಟ್ಟದ್ದೆಂದು ಬಗೆಯಲಿಲ್ಲ. ಇಷ್ಟಪಟ್ಟ ದುಡಿಮೆಯ ಒತ್ತಡ ಬದುಕಿಗೆ ರುಚಿ ಕೊಡುತ್ತದೆ, ಬೇಡದ ಒತ್ತಡ ಸವೆಸುತ್ತದೆ ಎಂದು ಅವರು ವಿಂಗಡಿಸಿದರು. ಆದರೆ ಇಂತಹ ಆಯ್ಕೆ ಎಲ್ಲರ ಕೈಯಲ್ಲೂ ಇರುವುದಿಲ್ಲ. ಮನೆಯಂಗಳಕ್ಕೆ ನೀರು ಬಂದು ನಿಂತಾಗ ಊರು ಬಿಟ್ಟವರಿಗೆ ಆ ಆಯ್ಕೆ ಇರಲಿಲ್ಲ.

ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ಇಳಿದಾಗ, 1948ರಲ್ಲಿ ಕಟ್ಟಿ ಅನಂತರ ಮುಳುಗಿದ ಮಡೆನೂರು ಅಣೆಕಟ್ಟು ಮತ್ತೆ ಕಣ್ಣಿಗೆ ಬೀಳುತ್ತದೆ. ನೀರು ಮುಚ್ಚಿದ್ದು ಇಲ್ಲವಾಗಿರುವುದಿಲ್ಲ. ದೇಹದ ವಿಷಯದಲ್ಲಿ ಸೆಲ್ಯೆ ಅವರ ಬದುಕು ಕಲಿಸುವ ಪಾಠವೂ ಇದಕ್ಕೆ ಸಮೀಪದ್ದು. ಹೊಟ್ಟೆಯ ಉರಿಯೊಂದಿಗೆ ವೈದ್ಯರ ಬಳಿ ಬಂದವರನ್ನು ಬರೀ ಟೆನ್ಷನ್ ಎಂದು ಸಾಗಹಾಕುವುದು ತಪ್ಪು; ಬ್ಯಾಕ್ಟೀರಿಯ ಇದೆಯೇ, ನೋವಿನ ಮಾತ್ರೆ ನುಂಗುತ್ತಿದ್ದಾರೆಯೇ ಎಂದು ನೋಡಲೇಬೇಕು. ಮಾತ್ರೆ ಕೊಟ್ಟು ಕಳುಹಿಸಿ, ಅವರ ಮನೆ, ಭೂಮಿ, ದುಡಿಮೆಯ ಚಿಂತೆಯನ್ನು ಕೇಳದೇ ಇರುವುದೂ ಅಷ್ಟೇ ತಪ್ಪು.